ಎರಡೇ ತಿಂಗಳಿಗೆ ಕೈಕೊಟ್ಟ ಡ್ಯಾನ್ಸ್ ಪ್ಯಾಡ್

ಪ್ರಶ್ನೆ: ಸರ್, ನನಗೂ ಮಗಳಿಗೂ ಸ್ಟೆಪ್‌ಮೇನಿಯಾ ಹುಚ್ಚು, ಅದೇ, ಪರದೆಯಲ್ಲಿ ಬರುವ ಬಾಣ ನೋಡಿ ಕಾಲಡಿಯ ಪ್ಯಾಡ್‌ನಲ್ಲಿರುವ ನಾಲ್ಕು ಬಾಣಗಳನ್ನು ತಾಳಕ್ಕೆ ತುಳಿಯುವ ಕಂಪ್ಯೂಟರ್ ಆಟ. ಪ್ಲೈವುಡ್‌ಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ನಡುವೆ ಸ್ಪಂಜಿನ ಪಟ್ಟಿ ಇಟ್ಟು ಪ್ಯಾಡ್ ಮಾಡಿದ್ದೆ. ಈಗ ಎಡ ಬಾಣ ತಾನಾಗೇ ಒತ್ತಿಕೊಳ್ಳುತ್ತದೆ, ಮೇಲಿನ ಬಾಣ ಎಷ್ಟು ತುಳಿದರೂ ಅಲ್ಲಾಡುವುದಿಲ್ಲ. ಬಾಳಿಕೆ ಬರುವ ಸೆನ್ಸರ್ ಯಾವುದು? ತಟ್ಟಿದರೆ ಕರೆಂಟ್ ಕೊಡುವ ಪೀಜೋ ಸಾಕಾ, ತೂಕ ಅಳೆಯುವ ಲೋಡ್ ಸೆಲ್ಲೇ ಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಡಗಡೆ ಸ್ಪಂಜ್ ಚಪ್ಪಟೆಯಾಗಿ ಎರಡೂ ಫಾಯಿಲ್ ಸದಾ ತಾಗುತ್ತಿರಬೇಕು, ಮೇಲಿನದರಲ್ಲಿ ಫಾಯಿಲ್ ಹರಿದಿರಬೇಕು. ಬಿಚ್ಚಿ ನೋಡಿ. ಫಾಯಿಲ್ ಪ್ಯಾಡ್‌ನ ಹಣೆಬರಹವೇ ಅಷ್ಟು, ನನ್ನ ಮೊದಲನೆಯದೂ ಹೀಗೇ ಹೋಯಿತು.

ಪೀಜೋ ಬೇಡ. ಅದು ಪೆಟ್ಟು ಬಿದ್ದ ಕ್ಷಣ ಮಾತ್ರ ಕರೆಂಟ್ ಕೊಡುತ್ತದೆ, ಕಾಲು ಅಲ್ಲೇ ಇಟ್ಟರೆ ಸುಮ್ಮನಾಗುತ್ತದೆ, ಆಗ ಕಾಲು ಒತ್ತಿಯೇ ಹಿಡಿಯಬೇಕಾದ ಉದ್ದ ಬಾಣಗಳೆಲ್ಲ ತಪ್ಪುತ್ತವೆ ಅಲ್ವಾ? ಲೋಡ್ ಸೆಲ್ ಗಟ್ಟಿ, ಆದರೆ ಅದನ್ನು ಓದಲು ಎಲ್ಲರೂ ಕೊಳ್ಳುವ ಎಚ್‌ಎಕ್ಸ್711 ಬೋರ್ಡ್ ಸೆಕೆಂಡಿಗೆ 10 ಸಲ, ಹೆಚ್ಚೆಂದರೆ 80 ಸಲ ಅಳೆಯುತ್ತದೆ. ತೂಕದ ತಕ್ಕಡಿಗೆ ಸಾಕು, ಕುಣಿತಕ್ಕೆ ನಿಧಾನ.

ನನ್ನ ಓಟು ಎಫ್‌ಎಸ್‌ಆರ್‌ಗೆ, ಅಂದರೆ ಫೋರ್ಸ್ ಸೆನ್ಸಿಂಗ್ ರೆಸಿಸ್ಟರ್‌ಗೆ. ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಒತ್ತಿದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೇ ಬಾಳಿಕೆ ನಿಂತಿದೆ. ಪಾದದ ನೇರ ಕೆಳಗೆ ಇಟ್ಟರೆ ಉಜ್ಜಿ ಉಜ್ಜಿ ಸಾಯುತ್ತದೆ. 1998ರಲ್ಲಿ ಬಂದ ಕೊನಾಮಿಯ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಆರ್ಕೇಡ್ ಯಂತ್ರದಲ್ಲೂ ಸೆನ್ಸರ್ ಇರುವುದು ತುಳಿಯುವ ಪ್ಯಾನೆಲ್‌ನ ಅಂಚುಗಳ ಕೆಳಗೆ. ನೀವೂ ಹಾಗೇ ಮಾಡಿ: ಒಂದೊಂದು ಬಾಣಕ್ಕೆ ಎದುರುಬದುರು ಅಂಚಿನಲ್ಲಿ ಎರಡು, ಪ್ಯಾನೆಲ್ ಅವುಗಳ ಮೇಲೆ ಕೂರಲಿ, ನಡುವೆ ತೆಳು ರಬ್ಬರ್ ಇರಲಿ. ಮೇಲ್ಹಾಸಿಗೆ ಪಾಲಿಕಾರ್ಬೊನೇಟ್ ಹಾಕಿ, ಅಕ್ರಿಲಿಕ್ ಬಿರುಕು ಬಿಡುತ್ತದೆ. ಮತ್ತೆ, ಪಟ್ಟಿಯ ತುದಿಗೆ ಬೆಸುಗೆ ಹಾಕಲು ಹೋಗಬೇಡಿ! ನಾನು ಹೋಗಿ ಪ್ಲಾಸ್ಟಿಕ್ ಕರಗಿಸಿ ಒಂದು ಸೆನ್ಸರ್ ಸುಟ್ಟುಕೊಂಡೆ. ಒತ್ತಿ ಕೂರಿಸುವ ಕನೆಕ್ಟರ್ ಸಿಗುತ್ತದೆ.

ಸೆನ್ಸರ್ ಓದಿ ಕಂಪ್ಯೂಟರಿಗೆ ತಿಳಿಸುವ ಬೋರ್ಡಿಗೆ ಆರ್ಡುಯಿನೋ ಮಾದರಿಯ ಪ್ರೊ ಮೈಕ್ರೊ ಸಾಕು. ಕಂಪ್ಯೂಟರ್ ಅದನ್ನು ಕೀಬೋರ್ಡ್ ಅಂತಲೇ ನಂಬುತ್ತದೆ, ಒತ್ತಡದ ಏರಿಳಿತ ಅಳೆಯಬಲ್ಲ ಅನಲಾಗ್ ಪಿನ್ 9 ಇವೆ, ನಿಮ್ಮ 8 ಸೆನ್ಸರ್‌ಗೂ ಜಾಗ ಸಿಗುತ್ತದೆ. ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್ ಸೇರಿಸಿದರೆ ಒತ್ತಿದಷ್ಟೂ ಏರುವ, 0ಯಿಂದ 1023ರವರೆಗಿನ ಅಂಕಿ ಬರುತ್ತದೆ. ಕಾಲಿಡದಾಗಲೇ ಅಂಕಿ ಜಾಸ್ತಿ ತೋರಿಸಿದರೆ ಪ್ಯಾನೆಲ್‌ನ ಸ್ಕ್ರೂ ಅತಿಯಾಗಿ ಬಿಗಿದಿದ್ದೀರಿ, ಅರ್ಧ ಸುತ್ತು ಸಡಿಲಿಸಿ. ಒತ್ತಿದ್ದು ಅಂತ ಲೆಕ್ಕ ಹಿಡಿಯುವ ಅಂಕಿಗಿಂತ ಬಿಟ್ಟಿದ್ದು ಅನ್ನುವ ಅಂಕಿ ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಒಂದೇ ತುಳಿತ ಎರಡಾಗುತ್ತದೆ. ಈ ಅಂಕಿಗಳನ್ನು ಎರಡು ಜೊತೆ ಬರೆದಿಡಿ, ನಿಮ್ಮ ತೂಕಕ್ಕೆ ಒಂದು, ಮಗಳ ತೂಕಕ್ಕೆ ಒಂದು. ನಿಮ್ಮ ಲೆಕ್ಕದಲ್ಲೇ ಅವಳನ್ನು ಕುಣಿಸಿದರೆ ಪಾಪ, ಸುಮ್ನೆ ಸೋಲುತ್ತಾಳೆ.