ಹೊಸ ಮನುಷ್ಯ, ಹಳೇ ಬಾಕಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದರಲ್ಲಿ ಬರುವ ಗಂಡ ಹೆಂಡತಿ ಇಬ್ಬರೂ ಓದಿ, ಪ್ರಕಟಿಸಬಹುದು ಎಂದ ಮೇಲೆಯೇ ಹೊರಗೆ ಬಿಟ್ಟದ್ದು.

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಇಬ್ಬರೂ ಒಟ್ಟಿಗೇ ಬಂದಿದ್ದರು. ದೂರು ಮಾತ್ರ ಬೇರೆ ಬೇರೆ. ಗಂಡನಿಗೆ ನಲವತ್ತು ದಾಟಿದೆ. ಹುಟ್ಟಿದ್ದು ಕ್ರೈಸ್ತ ಮನೆಯಲ್ಲೇ. ಆದರೆ ಹಬ್ಬಕ್ಕೆ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಒಂದೂವರೆ ವರ್ಷದ ಹಿಂದೆ ಒಂದು ಪ್ರಾರ್ಥನಾ ಕೂಟದಲ್ಲಿ ಮನಸ್ಸು ತಿರುಗಿತು. ದೀಕ್ಷಾಸ್ನಾನ ತೆಗೆದುಕೊಂಡರು. ಅಂದಿನಿಂದ ಕುಡಿತ ಪೂರ್ತಿ ನಿಂತಿದೆ. ಬೆಳಗ್ಗೆ ಬೇಗ ಎದ್ದು ಬೈಬಲ್ ಓದುತ್ತಾರೆ. ಇದೆಲ್ಲ ನಿಜ, ಹೆಂಡತಿಯೂ ಅಲ್ಲಗಳೆಯಲಿಲ್ಲ.

"ನನ್ನ ಪಾಪಗಳನ್ನೆಲ್ಲ ದೇವರು ಸಮುದ್ರದ ತಳಕ್ಕೆ ಎಸೆದಿದ್ದಾನೆ ಮೇಡಂ. ಇವಳು ದಿನಾ ಒಂದೊಂದನ್ನೇ ಎತ್ತಿ ತಂದು ಮುಂದೆ ಇಡ್ತಾಳೆ" ಅಂದರು ಅವರು. ಬೈಬಲಿನ ಮೀಕನ ಪುಸ್ತಕದ ಏಳನೇ ಅಧ್ಯಾಯದ ಮಾತು ಅದು. ವಚನಗಳು ಅವರಿಗೆ ಬಾಯಿಪಾಠ.

ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಚರ್ಚಿನ ಸಭೆಯವರಿಗೆಲ್ಲ ಹೊಸ ಮನುಷ್ಯ ಸಿಕ್ಕಿದ್ದಾನೆ. ನಮ್ಮ ಮನೆಗೆ ಅವನಿನ್ನೂ ಬಂದಿಲ್ಲ" ಅಂದರು.

ಇಂಥ ಜೋಡಿಗಳನ್ನು ಮೊದಲು ಬೇರೆ ಬೇರೆಯಾಗಿಯೇ ಮಾತಾಡಿಸುತ್ತೇನೆ. ಹೆಂಡತಿಯನ್ನು ಒಬ್ಬರನ್ನೇ ಕೂರಿಸಿ ಕೇಳಿದ ಮೊದಲ ಪ್ರಶ್ನೆ ನಂಬಿಕೆಯದಲ್ಲ, ಸುರಕ್ಷತೆಯದು. ಕೈ ಮಾಡುತ್ತಾರಾ? ಮಕ್ಕಳಿಗೆ ಹೊಡೆಯುತ್ತಾರಾ? ಮನೆಗೆ ಬಂದರೆ ಭಯ ಆಗುತ್ತಾ? ಮುಂಚೆ ಕುಡಿದಾಗ ಸಾಮಾನು ಎಸೆದದ್ದು, ಒಮ್ಮೆ ತಳ್ಳಿದ್ದು ಉಂಟು. ಈಗ ಕೈ ಇಲ್ಲ, ಬಾಯಿ ಮಾತ್ರ ಅಂದರು. ಈಗಲೂ ಹೊಡೆತ ಇದ್ದಿದ್ದರೆ ಈ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು. ಆಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕ್ಷಮೆಯ ಮಾತಾಡುವುದಿಲ್ಲ. ಮೊದಲು ಅವರನ್ನೂ ಮಗಳನ್ನೂ ಸುರಕ್ಷಿತ ಜಾಗಕ್ಕೆ ತಲುಪಿಸುವ ಕೆಲಸ. "ಪ್ರಾರ್ಥನೆ ಮಾಡಿ, ಸಹಿಸಿಕೊಳ್ಳಿ" ಎಂದು ಇಂಥವರನ್ನು ವಾಪಸ್ ಕಳಿಸುವವರು ಇನ್ನೂ ಇದ್ದಾರೆ. ಅದಕ್ಕೇ ಇದನ್ನು ಇಲ್ಲಿ ಹೇಳಿದೆ.

ಅವರ ನೋವು ಎರಡು ಕಡೆ ಇತ್ತು. ಮೊದಲನೆಯದು ಸಾಲ. ಗಂಡ ಕೆಲವು ವರ್ಷಗಳ ಹಿಂದೆ ಹೆಂಡತಿಯ ತಮ್ಮನಿಂದ ದೊಡ್ಡ ಮೊತ್ತ ತೆಗೆದುಕೊಂಡಿದ್ದರು. ಆಮೇಲೆ ಎಲ್ಲರ ಎದುರು, "ಯಾವ ದುಡ್ಡು? ನಾನು ತಗೊಂಡೇ ಇಲ್ಲ" ಅಂದುಬಿಟ್ಟರು. ತಮ್ಮ ಅಂದಿನಿಂದ ಅಕ್ಕನ ಮನೆಗೆ ಬಂದಿಲ್ಲ. ಎರಡನೆಯದನ್ನು ನಾನು ಊಹಿಸಿರಲಿಲ್ಲ. ಅದು ಗಂಡ ಸಭೆಯಲ್ಲಿ ಹೇಳುವ ಸಾಕ್ಷಿ, ಅಂದರೆ ದೇವರು ತನ್ನನ್ನು ಹೇಗೆ ಬದಲಿಸಿದ ಎಂದು ಎಲ್ಲರ ಮುಂದೆ ಹೇಳಿಕೊಳ್ಳುವುದು. "ನಾನು ಎಂಥವನಾಗಿದ್ದೆ ಗೊತ್ತಾ" ಎಂದು ಶುರುಮಾಡಿ, ಹೆಂಡತಿಯನ್ನು ತಳ್ಳಿದ್ದು, ಅವಳು ರಾತ್ರಿಯೆಲ್ಲ ಬಾಗಿಲ ಹೊರಗೆ ಕೂತಿದ್ದು, ಎಲ್ಲವನ್ನೂ ಹೇಳುತ್ತಾರೆ. ಜನ "ದೇವರಿಗೆ ಸ್ತೋತ್ರ" ಅನ್ನುತ್ತಾರೆ. ಆಕೆ ಅಲ್ಲೇ ಕೂತಿರುತ್ತಾರೆ. ಮಗಳೂ ಕೂತಿರುತ್ತಾಳೆ, ಅವಳಿಗೆ ಹದಿನಾಲ್ಕು.

"ನನ್ನನ್ನ ಒಂದು ಮಾತು ಕೇಳಲಿಲ್ಲ. ನನ್ನ ಅವಮಾನ ಅವರ ಸಾಕ್ಷಿ ಆಯ್ತು" ಅಂದರು. ಸಾಕ್ಷಿ ಹೇಳುವವರಿಗೆ ನಾನು ಕೊಡುವ ಮೊದಲ ಸಲಹೆ ಅಂದಿನಿಂದ ಇದೇ ಆಗಿದೆ. ನಿಮ್ಮ ಪಾಪ ನಿಮ್ಮದು, ಹೇಳಿಕೊಳ್ಳಿ. ಅದರಲ್ಲಿ ಗಾಯ ಆದವರ ಕಥೆ ನಿಮ್ಮದಲ್ಲ. ಕೇಳಿ ಹೇಳಿ, ಬೇಡ ಅಂದರೆ ಬಿಡಿ.

ಗಂಡನ ಜೊತೆ ಒಬ್ಬರೇ ಕೂತಾಗ ಸಾಲದ ವಿಷಯ ಎತ್ತಿದೆ.

"ಅದು ಹಳೇ ಮನುಷ್ಯ ಮಾಡಿದ್ದು ಮೇಡಂ. ಕ್ರಿಸ್ತನಲ್ಲಿ ಇರುವವನು ನೂತನ ಸೃಷ್ಟಿ ಅಲ್ವಾ? ಹಳೇದೆಲ್ಲ ಹೋಯ್ತು."

"ಹಳೇ ಮನುಷ್ಯ ಸತ್ತ ಅಂತೀರಿ. ಹಾಗಾದರೆ ಸಾಲ ತೀರಿಸೋಕೆ ಉಳಿದವರು ಯಾರು?"

ಅವರು ನಕ್ಕರು. ಉತ್ತರ ಬರಲಿಲ್ಲ.

"ಜಕ್ಕಾಯನ ಕಥೆ ಗೊತ್ತಲ್ವಾ?"

"ಗಿಡ್ಡ. ಮರ ಹತ್ತಿದವನು."

"ಇಳಿದ ಮೇಲೆ ಏನು ಮಾಡಿದ?"

ಲೂಕ 19ನೇ ಅಧ್ಯಾಯ ತೆಗೆದು ಅವರ ಕೈಯಲ್ಲೇ ಓದಿಸಿದೆ. ಯೇಸು ಮನೆಗೆ ಬಂದ ಆ ದಿನವೇ ಸುಂಕ ವಸೂಲಿಯ ಜಕ್ಕಾಯ ಎದ್ದು ನಿಂತು ಲೆಕ್ಕ ತೆಗೆಯುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಅರಣ್ಯಕಾಂಡ 5ನೇ ಅಧ್ಯಾಯದ ನಿಯಮ ನೋಡಿದರೆ, ತಪ್ಪು ಒಪ್ಪಿಕೊಂಡವನು ಮೂಲ ಮೊತ್ತದ ಜೊತೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ಜಕ್ಕಾಯ ಅಲ್ಲಿಗೆ ನಿಲ್ಲಲಿಲ್ಲ. ಈ ಮನೆಗೆ ಇವತ್ತು ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಇದಾದ ಮೇಲೆ. ದುಡ್ಡು ಕೊಟ್ಟು ರಕ್ಷಣೆ ಕೊಂಡುಕೊಂಡ ಎಂದಲ್ಲ. ಹೊಸ ಜೀವ ಬಂದಿದೆ ಎನ್ನುವುದು ಅವನ ಲೆಕ್ಕದ ಪುಸ್ತಕದಲ್ಲಿ ಕಾಣಿಸಿತು.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ, ಅವನ ಗುಲಾಮನಾಗಿದ್ದ ಒನೇಸಿಮನನ್ನು ಪ್ರಿಯ ಸಹೋದರನಾಗಿ ಸೇರಿಸಿಕೋ ಅನ್ನುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ಅವನಿಂದ ನಿನಗೇನಾದರೂ ನಷ್ಟ ಆಗಿದ್ದರೆ, ಬಾಕಿ ಇದ್ದರೆ, ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. "ಅವನೀಗ ಹೊಸಬ, ಹಳೇದು ಕೇಳಬೇಡ" ಅಂದಿದ್ದರೆ ಪೌಲನಿಗೆ ಸುಲಭ ಇತ್ತು. ಹಾಗೆ ಬರೆಯಲಿಲ್ಲ.

ನನ್ನ ಎದುರು ಕೂತ ಈ ಸಹೋದರನ ಕಷ್ಟದ ಬುಡ ಇಲ್ಲೇ ಇತ್ತು ಎನ್ನುವುದು ನನ್ನ ಅಭಿಪ್ರಾಯ. ಹೊಸ ಗುರುತು ಸುಳ್ಳಾಗಿರಲಿಲ್ಲ. ಅದನ್ನು ಅವರು ಬಾಗಿಲು ಮುಚ್ಚುವುದಕ್ಕೆ ಬಳಸುತ್ತಿದ್ದರು. ಹೆಂಡತಿ ಹಳೆಯ ಮಾತು ಎತ್ತಿದರೆ ಅವರ ಕಿವಿಗೆ ಅದು "ನೀನು ಹೊಸಬನಲ್ಲ" ಎಂದು ಕೇಳಿಸುತ್ತಿತ್ತು. ಆಕೆ ಹೇಳುತ್ತಿದ್ದದ್ದು "ನನಗೆ ಇನ್ನೂ ನೋಯುತ್ತಿದೆ" ಎಂದಷ್ಟೇ. ದೇವರ ಮುಂದೆ ತಾನು ಯಾರು ಎನ್ನುವುದು ಗಟ್ಟಿಯಾಗಿದ್ದರೆ ಹೆಂಡತಿಯ ಮುಂದೆ "ಹೌದು, ನಾನೇ ಮಾಡಿದೆ" ಅನ್ನಲು ಹೆದರಿಕೆ ಯಾಕೆ? ಪೌಲ ತಿಮೊಥೆಯನಿಗೆ ಬರೆಯುವಾಗ, ತಾನು ದೇವದೂಷಕನೂ ಹಿಂಸಕನೂ ಆಗಿದ್ದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿಕೊಳ್ಳುತ್ತಾನೆ.

ಅವರಿಗೆ ಕೊಟ್ಟ ಮೊದಲ ಕೆಲಸ ಹೀಗಿತ್ತು. ಹೆಂಡತಿ ಹಳೆಯದು ಎತ್ತಿದಾಗ ವಚನ ಹೇಳಬಾರದು. "ನಾನೀಗ ಹಾಗಿಲ್ಲ" ಅನ್ನಬಾರದು. ಕೊನೆಯವರೆಗೂ ಕೇಳಿ, "ಹೌದು, ಮಾಡಿದೆ. ನಿನಗೆ ಹೇಗಾಯ್ತು ಹೇಳು" ಅನ್ನಬೇಕು. ಇಷ್ಟೇನಾ ಎಂದು ಕೇಳಿದರು. ಮುಂದಿನ ಭೇಟಿಗೆ ಬಂದಾಗ ಮುಖ ಸೋತಿತ್ತು. "ಉಪವಾಸ ಪ್ರಾರ್ಥನೆ ಇದಕ್ಕಿಂತ ಸುಲಭ ಮೇಡಂ" ಅಂದರು. ನಂಬಿದೆ.

ಸಾಲದ ಬಗ್ಗೆ, ಮೊದಲು ಹೋಗಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಿ ಅಂದೆ. ದುಡ್ಡು ಆಮೇಲೆ, ಕಂತಿನಲ್ಲಾದರೂ ಸರಿ, ಬರೆದುಕೊಟ್ಟು ಶುರುಮಾಡಿ. ಸುಳ್ಳು ಹೇಳಿದ್ದು ಯಾರ ಯಾರ ಎದುರೋ ಅವರ ಎದುರೇ ಒಪ್ಪಿಕೊಳ್ಳಬೇಕು. ಇದು ಅವರಿಗೆ ದುಡ್ಡಿಗಿಂತ ದುಬಾರಿ ಅನಿಸಿತು.

ನಡುವೆ ಒಂದು ಸಂಜೆ ಅವರು ಮಗಳ ಮೇಲೆ ಕೂಗಾಡಿದರು. ಫೋನಿನ ವಿಷಯ. ಅವಳು "ಅಪ್ಪಾ, ಚರ್ಚಲ್ಲಿ ಹೀಗೆ ಕೂಗಿ ನೋಡೋಣ" ಅಂದಿದ್ದಾಳೆ. ಅವರು ಫೋನ್ ಕಿತ್ತು ಎಸೆದರು. ಆಮೇಲೆ ಎರಡು ದಿನ ಪ್ರಾರ್ಥನೆಯನ್ನೇ ಬಿಟ್ಟರು. ನನ್ನ ಹತ್ತಿರ ಬಂದಾಗ ಮಾತು ಪೂರ್ತಿ ತಿರುಗಿತ್ತು. "ನಾನು ಹೊಸಬನೇ ಅಲ್ಲ. ಎಲ್ಲಾ ನಾಟಕ. ಕುಡಿಯೋಣ ಅಂತಲೂ ಅನಿಸ್ತು."

ಇಲ್ಲಿ ಎಚ್ಚರ ಬೇಕು. ಕುಡಿತ ಬಿಟ್ಟವರ ಜೊತೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದಾರೆ. ಒಂದು ಸಲ ಎಡವಿದ್ದಕ್ಕಿಂತ, ಎಡವಿದ ಮೇಲೆ "ನಾನು ಇಷ್ಟೇ, ಎಲ್ಲಾ ಮುಗೀತು" ಎನ್ನುವ ಯೋಚನೆಯೇ ಜನರನ್ನು ಪೂರ್ತಿ ಹಿಂದಕ್ಕೆ ಎಳೆಯುತ್ತದೆ. ನಂಬಿಕೆಯ ಜೀವನದಲ್ಲೂ ಹಾಗೇ. ಎಲ್ಲಾ ಹೊಸದು ಅನ್ನುವವರು ಒಂದು ಬಿರುಕು ಕಂಡ ಕೂಡಲೇ ಎಲ್ಲಾ ಸುಳ್ಳು ಅನ್ನುತ್ತಾರೆ. ಅವರಿಗೆ ನಡುವೆ ಜಾಗವೇ ಇಲ್ಲ.

ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯವನ್ನು ನಿಧಾನವಾಗಿ ಓದಿದೆವು. ಅಲ್ಲಿ ಕ್ರಮ ಮುಖ್ಯ. ಮೊದಲು, ನೀವು ಕ್ರಿಸ್ತನೊಂದಿಗೆ ಸತ್ತಿರಿ ಅನ್ನುತ್ತದೆ. ಅದು ಆಗಿಹೋದ ಸಂಗತಿ. ಆಮೇಲೆ, ಹಾಗೆಂದು ಎಣಿಸಿಕೊಳ್ಳಿ. ಅದಾದ ಮೇಲೆ, ಕೈಕಾಲು ಬಾಯಿ ಎಲ್ಲವನ್ನೂ ದೇವರ ಕೆಲಸಕ್ಕೆ ಒಪ್ಪಿಸಿ. ಈ ಸಹೋದರ ಉಲ್ಟಾ ಓದುತ್ತಿದ್ದರು. ಬಾಯಿ ಸರಿ ಇದ್ದ ದಿನ ತಾನು ದೇವರ ಮಗ, ಕೂಗಿದ ದಿನ ಅಲ್ಲ. ಆ ಲೆಕ್ಕ ಹಿಡಿದರೆ ಯಾರೂ ಒಂದು ವಾರ ಉಳಿಯುವುದಿಲ್ಲ.

ಜಾನ್ ನ್ಯೂಟನ್ ಬಗ್ಗೆಯೂ ಹೇಳಿದೆ. 1748ರಲ್ಲಿ ಕಡಲಿನ ಬಿರುಗಾಳಿಯಲ್ಲಿ ದೇವರನ್ನು ಕೂಗಿದ ಆ ನಾವಿಕ, ಆಮೇಲೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದ, ಅವುಗಳ ಕಪ್ತಾನನೂ ಆದ. ಪಾದ್ರಿಯಾದದ್ದು 1764ರಲ್ಲಿ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ತನ್ನ ತಪ್ಪೊಪ್ಪಿಗೆ ತಡವಾಗಿ ಬರುತ್ತಿದೆ ಎಂದು ತಾನೇ ಹೇಳಿಕೊಂಡು. ಕೇಳಿದ ಸಹೋದರ, "ನೋಡಿ, ಅವರಿಗೇ ನಲವತ್ತು ವರ್ಷ ಬೇಕಾಯ್ತು" ಎಂದು ಹಗುರಾದರು. ತಕ್ಷಣ ತಡೆದೆ. ಆ ವರ್ಷಗಳಲ್ಲಿ ಹಡಗಿನ ಕೆಳಗೆ ಸರಪಳಿಯಲ್ಲಿ ಇದ್ದವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳೆಯಲು ಸಮಯ ಬೇಕು, ನಿಜ. ಆ ಸಮಯದ ಬೆಲೆ ತೆರುವವರು ಮನೆಯವರು.

ಹಾಗಾದರೆ ದಿನದಿನಕ್ಕೆ ಏನು ಮಾಡಬೇಕು? ಅವರ ಹತ್ತಿರ ಒಂದು ಪಟ್ಟಿ ಇತ್ತು. ಕೋಪ ಮಾಡಬಾರದು, ಕೂಗಬಾರದು, ಚುಚ್ಚಬಾರದು. ಪೂರ್ತಿ "ಬಾರದು"ಗಳೇ. ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ಹಾಗಿಲ್ಲ. ಅಲ್ಲಿ ಹಳೆಯದನ್ನು ಕಳಚಿದ ಜಾಗದಲ್ಲಿ ಹೊಸದನ್ನು ತೊಡಬೇಕು. ಸುಳ್ಳು ಬಿಟ್ಟು ಸತ್ಯ ಆಡಬೇಕು. ಕದಿಯುತ್ತಿದ್ದವನು ಬರೀ ಕದಿಯುವುದನ್ನು ನಿಲ್ಲಿಸಿದರೆ ಮುಗಿಯಲಿಲ್ಲ, ಕೈಯಿಂದ ದುಡಿದು ಇಲ್ಲದವರಿಗೆ ಕೊಡುವವನಾಗಬೇಕು. ಕೆಟ್ಟ ಮಾತಿನ ಜಾಗಕ್ಕೆ ಕೇಳುವವರಿಗೆ ಬಲ ಕೊಡುವ ಮಾತು. ಇವರು ಕೂಗನ್ನು ತೆಗೆದ ಜಾಗದಲ್ಲಿ ಏನೂ ಇಟ್ಟಿರಲಿಲ್ಲ. ಮನೆಯಲ್ಲಿ ಮೌನವಾಗಿ, ಮುಖ ಬಿಗಿದುಕೊಂಡು ಇರುತ್ತಿದ್ದರು. ಮಗಳಿಗೆ ಅದೂ ಹೆದರಿಕೆಯೇ.

ಅವರಿಗೆ ಕಷ್ಟದ ಹೊತ್ತು ಕೆಲಸದಿಂದ ಬಂದ ಮೊದಲ ಅರ್ಧ ಗಂಟೆ. ಆ ಹೊತ್ತಿನಲ್ಲಿ ಮನೆಯ ಯಾವ ತೀರ್ಮಾನವನ್ನೂ ಮಾಡಬೇಡಿ, ಯಾರ ತಪ್ಪನ್ನೂ ಎತ್ತಬೇಡಿ ಅಂದೆ. ಮಗಳ ದಿನದ ಬಗ್ಗೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಉಪದೇಶ ಸೇರಿಸಬೇಡಿ. ಕೋಪ ಏರಿದರೆ "ನನಗೆ ಕೋಪ ಬಂದಿದೆ, ಆಮೇಲೆ ಮಾತಾಡ್ತೀನಿ" ಎಂದು ಹೇಳಿ ಎದ್ದು ಹೋಗಿ. ಆದರೆ ಮಲಗುವ ಮೊದಲು ನೀವೇ ವಾಪಸ್ ಬಂದು ಮಾತಾಡಬೇಕು. ಎದ್ದು ಹೋಗಿ ಬರದೇ ಇದ್ದರೆ ಅದು ತಪ್ಪಿಸಿಕೊಳ್ಳುವುದೇ. ಮಗಳ ಹತ್ತಿರ ಕ್ಷಮೆ ಕೇಳುವಾಗ "ಆದರೆ ನೀನೂ" ಅನ್ನುವುದು ಬೇಡ. ಇನ್ನು, ಕುಡಿಯಬೇಕು ಅನಿಸಿದ ಆ ಗಳಿಗೆಯಲ್ಲೇ ಫೋನ್ ಮಾಡಲು ಒಬ್ಬ ಸ್ನೇಹಿತನನ್ನು ಗೊತ್ತುಮಾಡಿಕೊಂಡರು. ಪ್ರಾರ್ಥನೆಗೆ ಬದಲಾಗಿ ಅಲ್ಲ, ಜೊತೆಗೆ.

ಹೆಂಡತಿಗೆ ಸಭೆಯ ಹಿರಿಯ ಹೆಂಗಸರು ಮೊದಲೇ ಸಲಹೆ ಕೊಟ್ಟಿದ್ದರು. "ದೇವರೇ ಬದಲಾಯಿಸಿದ್ದಾರೆ, ನೀನು ನಂಬಬೇಕಮ್ಮಾ. ಅನುಮಾನ ಪಡೋದು ಪಾಪ." ನಾನು ಒಪ್ಪಲಿಲ್ಲ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಸೌಲ, ಅಂದರೆ ಅದೇ ಪೌಲ, ಮೊದಲು ಶಿಷ್ಯರನ್ನು ಹಿಂಸಿಸುತ್ತಿದ್ದವನು, ಬದಲಾದ ಮೇಲೆ ಯೆರೂಸಲೇಮಿಗೆ ಬಂದಾಗ ಶಿಷ್ಯರು ಅವನನ್ನು ನಂಬುವುದಿಲ್ಲ, ಹೆದರುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರ ನೋಡಿದರೆ ಅವನು ಬದಲಾಗಿ ಆ ಹೊತ್ತಿಗೆ ಮೂರು ವರ್ಷ ಆಗಿತ್ತು. ಹೆದರಿದ್ದಕ್ಕೆ ಅಲ್ಲಿ ಯಾರೂ ಅವರನ್ನು ಬೈಯುವುದಿಲ್ಲ. ಶಿಷ್ಯರಲ್ಲೊಬ್ಬನಾದ ಬಾರ್ನಬ ಅವನನ್ನು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋಗಿ ಅವನ ಪರ ಮಾತಾಡುತ್ತಾನೆ, ಅಷ್ಟೇ. ಒಂದು ಸಭೆಯೇ ಅಷ್ಟು ಹೆದರಿದ್ದರೆ, ಒಂದೇ ಸೂರಿನಡಿ ಏಟು ತಿಂದ ಹೆಂಡತಿಗೆ ಒಂದೂವರೆ ವರ್ಷ ಸಾಲದು ಅಂದರೆ ತಪ್ಪೇನು?

ಕ್ಷಮಿಸುವುದು ಒಂದು, ಮತ್ತೆ ನಂಬುವುದು ಇನ್ನೊಂದು ಅಂದೆ. ಮೊದಲನೆಯದನ್ನು ನೀವು ದೇವರ ಮುಂದೆ ನಿಮ್ಮ ಹೊತ್ತಿಗೆ ಮಾಡಿ. ಎರಡನೆಯದು ಅವರು ನಡೆದು ತೋರಿಸಿದಷ್ಟು ಬೆಳೆಯಲಿ. ಒಂದು ಮಾತು ಮಾತ್ರ ಕೇಳಿಕೊಂಡೆ. ಬದಲಾವಣೆ ಕಂಡ ದಿನ ಅದನ್ನು ಬಾಯಿ ಬಿಟ್ಟು ಹೇಳಿ, ಎಷ್ಟು ಚಿಕ್ಕದಾದರೂ. "ನೋಡ್ತೀನಿ" ಅಂದರು. ಒತ್ತಾಯಿಸಲಿಲ್ಲ.

ಇಬ್ಬರ ಅನುಮತಿ ಪಡೆದು ಅವರ ಪಾಸ್ಟರ್ ಹತ್ತಿರವೂ ಮಾತಾಡಿದೆ. ಒಳ್ಳೆಯ ಮನುಷ್ಯ. ಈ ಸಹೋದರನನ್ನು ಯುವಕರ ಕೂಟಕ್ಕೆ ಮುಂದಾಳು ಮಾಡುವ ಯೋಚನೆಯಲ್ಲಿದ್ದರು. ಸಭೆಯ ಹೊಣೆಯನ್ನು ಹೊಸದಾಗಿ ನಂಬಿದವನಿಗೆ ಕೊಡಬೇಡ, ಗರ್ವ ಬಂದೀತು ಎಂದು 1 ತಿಮೊಥೆಯ 3ರಲ್ಲಿ ಇದೆಯಲ್ಲ ಎಂದು ನೆನಪಿಸಿದೆ. ವೇದಿಕೆಗೆ ಬೇಗ ಹತ್ತಿಸಿದವರು ಆ ಚಿತ್ರ ಉಳಿಸಿಕೊಳ್ಳುವುದರಲ್ಲೇ ದಣಿಯುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಅಂಥವರು ಜಾಸ್ತಿ. ಪಾಸ್ಟರ್ ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲದಿದ್ದರೂ.

ಈಗ ಭೇಟಿಗಳು ತಿಂಗಳಿಗೊಂದಕ್ಕೆ ಇಳಿದಿವೆ. ಹೆಂಡತಿಯ ತಮ್ಮನ ಮನೆಗೆ ಹೋಗಿ, ಅಂದು ಇದ್ದವರ ಎದುರೇ ಒಪ್ಪಿಕೊಂಡು ಬಂದಿದ್ದಾರೆ. ಆ ತಮ್ಮ, ಕಂತಿನ ಕಾಗದ ತೆಗೆದುಕೊಂಡ, ಹೆಚ್ಚು ಮಾತಾಡಲಿಲ್ಲವಂತೆ. ಅಕ್ಕನ ಮನೆಗೆ ಇನ್ನೂ ಬಂದಿಲ್ಲ. ಕಂತು ಹೋಗುತ್ತಿದೆ. ಕೂಗು ಪೂರ್ತಿ ನಿಂತಿಲ್ಲ. ಆದರೆ ಕೂಗಿದ ರಾತ್ರಿಯೇ ವಾಪಸ್ ಬಂದು ಮಾತಾಡುತ್ತಾರೆ ಎಂದು ಹೆಂಡತಿ ಹೇಳಿದರು. ಸಾಕ್ಷಿ ಹೇಳಲು ಮತ್ತೆ ಕರೆ ಬಂದಾಗ ಮೊದಲು ಆಕೆಯನ್ನು ಕೇಳಿದ್ದಾರೆ. ಆಕೆ ಈಗ ಬೇಡ ಅಂದರು. ಅವರು ಆಗುವುದಿಲ್ಲ ಎಂದು ತಿಳಿಸಿದರು, ಕಾರಣವಾಗಿ ಹೆಂಡತಿಯ ಹೆಸರು ಹೇಳದೆ. ಮುಂದಿನ ಭೇಟಿಗೆ ಮಗಳೂ ಬರುತ್ತೇನೆ ಅಂದಿದ್ದಾಳೆ. ಅವಳನ್ನು ಮೊದಲು ಒಬ್ಬಳನ್ನೇ ಮಾತಾಡಿಸುತ್ತೇನೆ.