ಮುಟ್ಟು 40–50 ದಿನಕ್ಕೊಮ್ಮೆ ಆದರೆ ಮಗುವಿಗೆ ತೊಂದರೆಯೇ?
ಮುಟ್ಟು ಹೀಗೆ ತಡವಾದರೆ ಮುಂದೆ ಹುಟ್ಟುವ ಮಗುವಿಗೆ ಅಂಗದೋಷ ಬರುತ್ತದೆಯೇ ಅಂತ ನೀವು ಕೇಳಿದ್ದೀರಿ. ಮುಟ್ಟು 40–50 ದಿನಕ್ಕೊಮ್ಮೆ ಆಗುವುದಕ್ಕೆ ಸಾಮಾನ್ಯ ಕಾರಣ ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ), ಇಲ್ಲವೇ ಥೈರಾಯ್ಡ್. ನಿಮ್ಮದು ಯಾವುದು ಅಂತ ಪರೀಕ್ಷೆ ಇಲ್ಲದೆ ಹೇಳಲು ಆಗುವುದಿಲ್ಲ. ಆದರೆ ನೀವು ಹೆದರಿದಂತೆ, ಮುಟ್ಟು ತಡವಾಗುವುದೇ ಮಗುವಿನ ಅಂಗದೋಷಕ್ಕೆ ಕಾರಣ ಅಲ್ಲ. ನನಗೂ ಚಕ್ರ ಹೀಗೇ ಇತ್ತು. ನೋಡಬೇಕಾದದ್ದು ಅದರ ಹಿಂದಿರುವ ಕಾಯಿಲೆಯನ್ನು, ಮುಖ್ಯವಾಗಿ ಸಕ್ಕರೆಯನ್ನು. ಪಿಸಿಓಎಸ್ ಇದ್ದವರಲ್ಲಿ ಸಕ್ಕರೆ ಏರುವುದು ಜಾಸ್ತಿ. ಗರ್ಭ ನಿಲ್ಲುವ ಹೊತ್ತಿಗೆ ಅದು ಹತೋಟಿಯಲ್ಲಿ ಇಲ್ಲದಿದ್ದರೆ ಮಗುವಿನ ಹೃದಯ, ಬೆನ್ನುಹುರಿಯ ದೋಷದ ಅಪಾಯ ಹೆಚ್ಚುತ್ತದೆ.

ಮೊದಲು ಫೋಲಿಕ್ ಆಸಿಡ್ (ಬೆನ್ನುಹುರಿಯ ದೋಷ ತಡೆಯಲು ನೆರವಾಗುವ ವಿಟಮಿನ್) ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಗರ್ಭ ನಿಂತ ಸುಮಾರು 4 ವಾರದಲ್ಲೇ ಮಗುವಿನ ನರನಾಳ (ಮುಂದೆ ಮೆದುಳು, ಬೆನ್ನುಹುರಿ ಆಗುವ ಭಾಗ) ಮುಚ್ಚಿಕೊಳ್ಳುತ್ತದೆ. ಚಕ್ರ ಉದ್ದ ಇರುವವರಿಗೆ ಅಷ್ಟರಲ್ಲಿ ಬಸಿರು ಅಂತ ಗೊತ್ತೇ ಆಗಿರುವುದಿಲ್ಲ, ಅಲ್ವಾ? ಸಕ್ಕರೆ ಕಾಯಿಲೆ ಇದ್ದರೆ ಅಥವಾ ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ಡೋಸ್ ಬೇರೆ, ಡಾಕ್ಟರನ್ನು ಕೇಳಿ.

ಆಮೇಲೆ ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸರಾಸರಿ ಸಕ್ಕರೆ), ಟಿಎಸ್‌ಎಚ್ (ಥೈರಾಯ್ಡ್), ಪ್ರೊಲ್ಯಾಕ್ಟಿನ್ (ಹೆಚ್ಚಾದರೆ ಮುಟ್ಟು ತಡವಾಗಿಸುವ ಹಾರ್ಮೋನ್) ಪರೀಕ್ಷೆ ಮಾಡಿಸಿ. ಹೋಗುವಾಗ ನುಂಗುವ ಎಲ್ಲ ಮಾತ್ರೆಗಳನ್ನೂ ತೋರಿಸಿ. ಮೊಡವೆಯ ಐಸೊಟ್ರೆಟಿನಾಯಿನ್, ಫಿಟ್ಸ್‌ನ ವಾಲ್ಪ್ರೋಯೇಟ್ ಮಗುವಿಗೆ ನಿಜಕ್ಕೂ ಅಪಾಯ. ಆದರೆ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬಸಿರಾದರೆ ಮೊದಲ 3 ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ, ಹೆರಿಗೆ ದಿನವನ್ನು ಅದರಿಂದಲೇ ಲೆಕ್ಕ ಹಾಕಿಸಿ. ಕೊನೆಯ ಮುಟ್ಟಿನ ಲೆಕ್ಕ 28 ದಿನದ ಚಕ್ರದವರಿಗೆ. ಅದನ್ನೇ ಹಿಡಿದರೆ "ಮಗು ಬೆಳೆದಿಲ್ಲ" ಅಂತ ಸುಮ್ನೆ ಗಾಬರಿ.