ಕಿಲ್ -9 ಹೊಡೆದರೂ ಸಾಯದ ಪ್ರೊಸೆಸ್

ಪ್ರಶ್ನೆ: ಕಾಲೇಜ್ ಲ್ಯಾಬಿನ ಲಿನಕ್ಸ್ ಮೆಷಿನ್‌ನಲ್ಲಿ ಗೆಳೆಯರ ಜೊತೆ ಬೆಟ್ ಕಟ್ಟಿ, ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ‘ಕಿಲ್ -9 1’ ಅಂತ ಹೊಡೆದೆ, ಅಂದರೆ 1ನೇ ನಂಬರಿನ ಪ್ರೊಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ‘ಸಾಯಿ’ ಅನ್ನುವ 9ನೇ ಸಿಗ್ನಲ್ ಸಿಗ್‌ಕಿಲ್ ಕಳಿಸಿದೆ. ಮೆಷಿನ್ ಮಲಗಿಬಿಡುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ, ಎರರ್ ಕೂಡ ಬರಲಿಲ್ಲ. ಸಿಗ್‌ಕಿಲ್ ಅನ್ನು ಯಾರೂ ತಡೆಯಲಾರರು ಅಂತ ನಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಾ ಸರ್?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೆಟ್ ಸೋತಿರಿ, ಆದರೆ ಮೇಷ್ಟ್ರು ಹೇಳಿದ್ದು ಸರಿ. ಯಾವ ಪ್ರೋಗ್ರಾಂ ಕೂಡ ಸಿಗ್‌ಕಿಲ್ ತಡೆಯಲಾರದು. ಇಲ್ಲಿ ತಡೆದದ್ದು ಪ್ರೋಗ್ರಾಂ ಅಲ್ಲ, ಎಲ್ಲ ಪ್ರೋಗ್ರಾಂಗಳನ್ನೂ ನಡೆಸುವ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್.

ಮೆಷಿನ್ ಬೂಟ್ ಆದಾಗ ಕರ್ನಲ್ ಶುರು ಮಾಡುವ ಮೊದಲ ಪ್ರೋಗ್ರಾಂ ಇನಿಟ್. ಅದರ ನಂಬರ್ 1. ಈಗಿನ ಬಹಳಷ್ಟು ಮೆಷಿನ್‌ಗಳಲ್ಲಿ ಆ ಜಾಗದಲ್ಲಿ ಸಿಸ್ಟಮ್‌ಡಿ ಕೂತಿರುತ್ತದೆ. ಅಪ್ಪ ಸತ್ತ ಪ್ರೊಸೆಸ್‌ಗಳೆಲ್ಲ ಸಾಮಾನ್ಯವಾಗಿ ಇದರ ಮಡಿಲಿಗೇ ಬಂದು ಬೀಳುತ್ತವೆ. ಇದೇ ಹೋದರೆ? ‘ಅಟೆಂಪ್ಟೆಡ್ ಟು ಕಿಲ್ ಇನಿಟ್!’ ಅಂತ ಕರ್ನಲ್ ಪ್ಯಾನಿಕ್, ಅಲ್ಲಿಗೆ ಕಥೆ ಮುಗಿಯಿತು. ಅದಕ್ಕೇ ಕರ್ನಲ್ ಇದಕ್ಕೆ ‘ಸಿಗ್ನಲ್ ಅನ್‌ಕಿಲಬಲ್’ ಅನ್ನುವ ಗುರುತು ಹಾಕಿಟ್ಟಿರುತ್ತದೆ. ಇನಿಟ್ ತಾನೇ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಬರೆದುಕೊಂಡಿರುವ ಸಿಗ್ನಲ್ ಮಾತ್ರ ಅದಕ್ಕೆ ತಲುಪುತ್ತದೆ, ಉಳಿದದ್ದನ್ನು ಕರ್ನಲ್ ಬಾಗಿಲಲ್ಲೇ ಎಸೆಯುತ್ತದೆ. ಸಿಗ್‌ಕಿಲ್‌ಗೆ ಹ್ಯಾಂಡ್ಲರ್ ಬರೆಯೋಕೇ ಆಗಲ್ಲ ಅಲ್ವಾ, ಹಾಗಾಗಿ ಅದು ಎಂದೂ ಒಳಗೆ ಹೋಗದು. ಎಸೆದ ಮೇಲೂ ಕಿಲ್ ಕಮಾಂಡ್‌ಗೆ ‘ಆಯ್ತು’ ಅಂತಲೇ ಉತ್ತರ ಬರುತ್ತದೆ, ನಿಮಗೆ ಎರರ್ ಕಾಣದಿದ್ದದ್ದು ಅದಕ್ಕೆ. ನನ್ನನ್ನು ಕೇಳಿದರೆ ಒಂದು ಎರರ್ ಕೊಟ್ಟಿದ್ದರೆ ಚೆನ್ನಾಗಿತ್ತು.

ನೀವೇ ನೋಡಬಹುದು. /ಪ್ರಾಕ್/1/ಸ್ಟೇಟಸ್ (/proc/1/status) ಫೈಲಿನಲ್ಲಿ ‘ಸಿಗ್‌ಸಿಜಿಟಿ’ (SigCgt) ಅನ್ನುವ ಸಾಲಿದೆ, ಹೆಕ್ಸ್‌ನಲ್ಲಿ ಒಂದು ಉದ್ದನೆಯ ಸಂಖ್ಯೆ. ಅದನ್ನು ಬೈನರಿ ಮಾಡಿ ಬಲಗಡೆಯಿಂದ ಎಣಿಸಿ. 15ನೇ ಬಿಟ್ 1 ಇದ್ದರೆ ಸಿಗ್‌ಟರ್ಮ್‌ಗೆ (‘ದಯವಿಟ್ಟು ಮುಗಿಸು’ ಅನ್ನುವ 15ನೇ ಸಿಗ್ನಲ್) ಹ್ಯಾಂಡ್ಲರ್ ಇದೆ ಅಂತ. 9ನೇ ಬಿಟ್ ಮಾತ್ರ ಯಾವಾಗ ನೋಡಿದರೂ 0.

ಈ ರಕ್ಷಣೆ ಹೊರಗಿನ ಏಟಿಗೆ ಮಾತ್ರ. ಇನಿಟ್ ತಾನೇ ತಪ್ಪು ಮೆಮೊರಿ ಮುಟ್ಟಿ ಸೆಗ್‌ಫಾಲ್ಟ್ ಆದರೆ ಕರ್ನಲ್ ಆ ಗುರುತನ್ನು ಅಳಿಸಿ ಕೈಬಿಡುತ್ತದೆ. ಸಿಸ್ಟಮ್‌ಡಿ ಅದಕ್ಕೂ ಹ್ಯಾಂಡ್ಲರ್ ಇಟ್ಟುಕೊಂಡಿದೆ: ಕೋರ್ ಡಂಪ್ (ಆ ಹೊತ್ತಿನ ಮೆಮೊರಿಯ ನಕಲು) ಕೊಡಲು ಒಂದು ಮರಿ ಪ್ರೊಸೆಸ್ ಹುಟ್ಟಿಸಿ, ತಾನು ಸಾಯದೆ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಡಾಕರ್ ಕಂಟೈನರ್ (ಪ್ರೋಗ್ರಾಂ ಅನ್ನು ಬೇರ್ಪಡಿಸಿ ಓಡಿಸುವ ಪೆಟ್ಟಿಗೆ) ನಿಲ್ಲಿಸೋಕೆ ಪ್ರತಿಸಲ ಸರಿಯಾಗಿ 10 ಸೆಕೆಂಡ್ ಹಿಡಿಯುತ್ತದೆ, ಎಕ್ಸಿಟ್ ಕೋಡ್ 137. ಒಳಗಿರೋದು ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ, ಒಂದು ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಸ್ಕ್ರಿಪ್ಟ್ ಮೂಲಕ ಶುರುವಾಗುತ್ತದೆ. ಯಾಕೆ ಹೀಗೆ?
– ಓದುಗರು, ಮೈಸೂರು

ಉತ್ತರ: ಮೇಲಿನ ಉತ್ತರದ್ದೇ ಇನ್ನೊಂದು ಮುಖ ಇದು. ಕಂಟೈನರ್ ಒಳಗೆ ನಂಬರ್‌ಗಳು ಮತ್ತೆ 1ರಿಂದ ಶುರುವಾಗುತ್ತವೆ. ಅಲ್ಲಿನ 1 ನಿಮ್ಮ ಸ್ಕ್ರಿಪ್ಟ್ ಓಡಿಸುವ ಶೆಲ್. ಕರ್ನಲ್ ಅದಕ್ಕೂ ಇನಿಟ್ ಮರ್ಯಾದೆಯನ್ನೇ ಕೊಡುತ್ತದೆ, ಪಾಪ ಅದು ಕೇಳಿರಲೇ ಇಲ್ಲ! ಡಾಕರ್ ಮೊದಲು ಸಿಗ್‌ಟರ್ಮ್ ಕಳಿಸುತ್ತದೆ, ಶೆಲ್‌ನಲ್ಲಿ ಹ್ಯಾಂಡ್ಲರ್ ಇಲ್ಲ, ಕರ್ನಲ್ ಎಸೆಯುತ್ತದೆ, ಪೈಥಾನ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. 10 ಸೆಕೆಂಡ್ ಕಾದು ಡಾಕರ್ ಸಿಗ್‌ಕಿಲ್ ಹೊಡೆಯುತ್ತದೆ. ಸಿಗ್ನಲ್‌ನಿಂದ ಸತ್ತರೆ ಎಕ್ಸಿಟ್ ಕೋಡ್ 128ಕ್ಕೆ ಸಿಗ್ನಲ್ ನಂಬರ್ ಕೂಡಿಸಿದ್ದು: 128ಕ್ಕೆ 9 ಕೂಡಿಸಿ, ನಿಮ್ಮ 137 ಬಂತು. ಇದು ಹೊರಗಿನಿಂದ, ಅಂದರೆ ಹೋಸ್ಟ್ (ಕಂಟೈನರ್ ಓಡುತ್ತಿರುವ ಮೆಷಿನ್) ಕಡೆಯಿಂದ ಬಂದದ್ದರಿಂದ ಕೆಲಸ ಮಾಡಿತು, ಕಂಟೈನರ್ ಒಳಗೇ ಕೂತು ಕಿಲ್ -9 1 ಹೊಡೆದಿದ್ದರೆ ದಾವಣಗೆರೆಯ ಹುಡುಗನಿಗೆ ಆದದ್ದೇ ಆಗುತ್ತಿತ್ತು.

ಸ್ಕ್ರಿಪ್ಟಿನಲ್ಲಿ ಪೈಥಾನ್ ಶುರು ಮಾಡುವ ಕೊನೆಯ ಸಾಲಿನ ಮೊದಲಿಗೆ ‘ಎಕ್ಸೆಕ್’ (exec) ಸೇರಿಸಿ, ಶೆಲ್ ಜಾಗ ಬಿಟ್ಟು ಪೈಥಾನೇ 1 ಆಗುತ್ತದೆ. ಅಷ್ಟೇ ಸಾಲದು. ಪೈಥಾನ್ ತಾನಾಗಿ ಸಿಗ್‌ಇಂಟ್‌ಗೆ (ಕಂಟ್ರೋಲ್-ಸಿ ಒತ್ತಿದಾಗ ಬರುವ ಸಿಗ್ನಲ್) ಹ್ಯಾಂಡ್ಲರ್ ಇಡುತ್ತದೆ, ಸಿಗ್‌ಟರ್ಮ್‌ಗೆ ಇಡುವುದಿಲ್ಲ. ಅದನ್ನು ನೀವೇ ಬರೆಯಬೇಕು. ನಾನು ಎಕ್ಸೆಕ್ ಹಾಕಿ ಗೆದ್ದೆ ಅಂದುಕೊಂಡು, ಮತ್ತೆ 10 ಸೆಕೆಂಡ್ ಕಾದು ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ.

ಕೋಡ್ ಮುಟ್ಟೋಕೆ ಮನಸ್ಸಿಲ್ಲದಿದ್ದರೆ ಡಾಕರ್ ರನ್‌ಗೆ ‘--ಇನಿಟ್’ ಕೊಡಿ. ಆಗ ಟಿನಿ ಅನ್ನುವ ಪುಟ್ಟ ಪ್ರೋಗ್ರಾಂ 1ರ ಜಾಗದಲ್ಲಿ ಕೂತು, ಬಂದ ಸಿಗ್ನಲ್ ಅನ್ನು ತನ್ನ ಮರಿಗೆ ದಾಟಿಸುತ್ತದೆ. ಆದರೆ ಸಿಗ್ನಲ್ ಪೈಥಾನ್‌ಗೇ ಮುಟ್ಟಬೇಕಾದರೆ ಎಕ್ಸೆಕ್ ಆಗಲೂ ಬೇಕು, ಇಲ್ಲದಿದ್ದರೆ ಆ ಮರಿ ನಿಮ್ಮ ಶೆಲ್ಲೇ ಆಗಿರುತ್ತದೆ.